ದವಡೆಯ ಕೊಂಬು, ಬೀಗರ ಊಟದ ಮುದ್ದೆ

ನಿವೃತ್ತಳಾದ ಮೇಲೂ ಒಂದು ಚಟ ನನ್ನನ್ನು ಬಿಟ್ಟಿಲ್ಲ. ಯಾರಾದರೂ ನಕ್ಕರೆ ಉಳಿದವರು ಮುಖ ನೋಡುತ್ತಾರೆ, ನಾನು ಬಾಯಿ ಎಷ್ಟು ತೆರೆಯಿತು ಎಂದು ನೋಡುತ್ತೇನೆ. ಪಾಲಹಳ್ಳಿಯ ನಮ್ಮ ಮನೆಗೆ ಹಾಲು ಹಾಕುವ ಪುಣ್ಯಾತ್ಮ ಬೆಳಗ್ಗೆ ಗೇಟಿನ ಹತ್ತಿರ ಆಕಳಿಸಿದರೆ ಸಾಕು, ಮೂರು ಬೆರಳು ಧಾರಾಳವಾಗಿ ಹಿಡಿಸುತ್ತದೆ ಎಂದು ಮನಸ್ಸಿನಲ್ಲೇ ಅಳೆದು ಸಮಾಧಾನಪಡುತ್ತೇನೆ. ನಮ್ಮ ಯಜಮಾನರಿಗೆ ಇದು ಗೊತ್ತು. ಮದುವೆ ಮನೆಗೆ ಹೊರಟಾಗಲೆಲ್ಲ, "ಅಲ್ಲೋಗಿ ಯಾರ ಬಾಯಿಗೂ ಕೈ ಹಾಕ್ಬೇಡ ಕಣೇ" ಎಂದು ಹೇಳಿಯೇ ಸ್ಕೂಟರ್ ಸ್ಟಾರ್ಟ್ ಮಾಡುವುದು.

ನಾನು ಸರ್ಕಾರಿ ಹಲ್ಲಿನ ಡಾಕ್ಟರಾಗಿದ್ದವಳು. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಇಷ್ಟೇ ನನ್ನ ಪ್ರಪಂಚ. ವರ್ಗಾವಣೆಯಾದಾಗಲೆಲ್ಲ ಈ ನಾಲ್ಕು ಊರುಗಳಲ್ಲೇ ಸುತ್ತಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಈಗಲೂ ಮನೆಗೆ ಬಂದು, "ಮೇಡಂ, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ಬಡ್ತಿಯ ಕಥೆ ನನ್ನಲ್ಲಿ ಹೆಚ್ಚಿಲ್ಲ, ಇದ್ದರೂ ಅದರಲ್ಲಿ ನಗು ಬರುವಂಥದ್ದು ಏನೂ ಇಲ್ಲ. ಬಾಯಿಯ ಕಥೆ ಬೇಕಾದರೆ ಕೇಳಿ, ಕಾಫಿ ಆರುವ ತನಕ ಹೇಳುತ್ತೇನೆ.

ನನ್ನ ಮೊದಲ ಊರು ಕೃಷ್ಣರಾಜಪೇಟೆ. ಕೆಲಸಕ್ಕೆ ಸೇರಿ ಇನ್ನೂ ಕೋಟಿನ ಗಂಜಿ ಹೋಗಿರಲಿಲ್ಲ. ಒಂದು ಮಧ್ಯಾಹ್ನ ಆಸ್ಪತ್ರೆಯ ಅಂಗಳಕ್ಕೆ ಒಂದು ಖಾಸಗಿ ಬಸ್ಸು ಪ್ರಯಾಣಿಕರ ಸಮೇತ ನುಗ್ಗಿತು. ಅಪಘಾತವೇ ಇರಬೇಕೆಂದು ನಾವೆಲ್ಲ ಹೊರಗೆ ಓಡಿದೆವು. ಇಳಿದವನು ಕಂಡಕ್ಟರು. ಬಾಯಿ ಬಾವಿಯಂತೆ ತೆರೆದಿತ್ತು, ಮುಚ್ಚುತ್ತಿರಲಿಲ್ಲ. ಆಕಳಿಸಿದಾಗ ದವಡೆ ಕೀಲು ತಪ್ಪಿ ಮುಂದೆ ಜಾರಿತ್ತು. "ರೈಟ್" ಅನ್ನುವುದಕ್ಕೂ ಆಗದೆ ಅವನು ಕೈ ಕೈ ಆಡಿಸಿದ್ದ, ಡ್ರೈವರು ಬುದ್ಧಿವಂತ, ನೇರವಾಗಿ ಇಲ್ಲಿಗೇ ತಂದಿದ್ದ. ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಕೆಳದವಡೆಯನ್ನು ಒತ್ತಿ ಹಿಂದಕ್ಕೆ ತಳ್ಳಿದೆ. ಟಕ್ಕೆಂದು ಕೂತಿತು, ಕೂರುವಾಗ ನನ್ನ ಬೆರಳನ್ನೂ ಕಚ್ಚಿತು. ಬಾಯಿ ಬಂದ ಕೂಡಲೇ ಅವನು ನನಗೆ ನಮಸ್ಕಾರ ಹೇಳಲಿಲ್ಲ. ಕಿಟಕಿಯ ಕಡೆ ತಿರುಗಿ, "ಆ ಕೆಂಪಂಗಿ ಅಣ್ಣ ಇನ್ನೂ ಟಿಕೆಟ್ ತಗಂಡಿಲ್ಲ" ಎಂದ.

ಈ ಕಥೆ ಯಾಕೆ ಹೇಳಿದೆನೆಂದರೆ, ಬಾಯಿ ಮುಚ್ಚಲಾಗದವನು ಬಸ್ಸನ್ನೇ ತಿರುಗಿಸಿಕೊಂಡು ನಿಮ್ಮ ಹತ್ತಿರ ಬರುತ್ತಾನೆ. ಬಾಯಿ ತೆರೆಯಲಾಗದವನು ಬರುವುದಿಲ್ಲ. ಅದರಲ್ಲೂ ನಮ್ಮ ಕಡೆಯವನು ಬರುವುದೇ ಇಲ್ಲ. ಕಾರಣ ರಾಗಿಮುದ್ದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಬಾಯಿ ಸ್ವಲ್ಪ ಸ್ವಲ್ಪವೇ ಚಿಕ್ಕದಾಗುತ್ತಾ ಹೋದರೆ ತುತ್ತನ್ನೂ ಸ್ವಲ್ಪ ಸ್ವಲ್ಪವೇ ಚಿಕ್ಕದಾಗಿ ಮುರಿಯುತ್ತಾ ಹೋದರಾಯಿತು. ಹೊಟ್ಟೆ ತುಂಬುತ್ತದೆ, ಮನೆಯವರಿಗೆ ತಿಳಿಯುವುದಿಲ್ಲ, ತಿನ್ನುವವನಿಗೂ ಸರಿಯಾಗಿ ತಿಳಿಯುವುದಿಲ್ಲ. ಅಂಥ ಒಬ್ಬ ಹುಡುಗನ ಕಥೆಯನ್ನೇ ನಾನು ನಿಮಗೆ ಹೇಳಬೇಕೆಂದಿರುವುದು.

ಆಗ ನಾನು ನಾಗಮಂಗಲದಲ್ಲಿದ್ದೆ, ನಿವೃತ್ತಿ ಹತ್ತಿರ ಬಂದಿತ್ತು. ನನ್ನ ಕೋಣೆಯ ಆಯಾ ನಂಜಮ್ಮ ಬಾಗಿಲಲ್ಲಿ ನಿಂತು ರೋಗಿಯನ್ನು ಒಳಗೆ ಬಿಡುವ ಮೊದಲೇ ತನ್ನ ತೀರ್ಪು ಹೇಳಿಬಿಡುವ ಹೆಂಗಸು. ಅವತ್ತು, "ಡಾಕ್ಟ್ರಮ್ಮ, ದೇವಲಾಪುರದಿಂದ ಒಬ್ಬ ಐದ ಬಂದವ್ನೆ. ಅಲ್ಲು ನೋವಂತೆ. ಬಾಯಿ ಬುಡು ಅಂದ್ರೆ ಬುಡಲ್ಲ, ಭಾರಿ ಬಿಗಿ" ಎಂದಳು.

ಹುಡುಗ ಸುರೇಶ, ಇಪ್ಪತ್ತಾರು ದಾಟಿದವನು, ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ದೇವಲಾಪುರದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ. ಅವನ ಹಿಂದೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅಪ್ಪ ಬೋರೇಗೌಡರು. ಹಳ್ಳಿಕಾರ್ ಹೋರಿ ಸಾಕುವುದರಲ್ಲಿ ಆ ಹೋಬಳಿಗೇ ಹೆಸರಾದವರು. ನಾನು ಮಗನನ್ನು ಪ್ರಶ್ನೆ ಕೇಳಿದರೆ ಉತ್ತರ ಅಪ್ಪನಿಂದ ಬರುತ್ತಿತ್ತು.

"ಬಾಯಿ ಯಾವಾಗಿನಿಂದ ಹೀಗೆ?"

"ಕೇಳೋದೇನವ್ವ, ಗುಟ್ಕಾ. ನಿಮ್ಮ ದೊಡ್ ಡಾಕ್ಟ್ರೂ ಅದನ್ನೇ ಏಳವ್ರೆ."

ಹೌದು, ಚೀಟಿಯ ಮೇಲೆ ನಮ್ಮ ಹಿರಿಯ ವೈದ್ಯರು 'ಗುಟ್ಕಾ ಬಿಡಿಸಿ' ಎಂದು ದಪ್ಪ ಅಕ್ಷರದಲ್ಲಿ ಬರೆದೇ ಕಳಿಸಿದ್ದರು. ದೊಡ್ಡ ಡಾಕ್ಟರು ಒಳ್ಳೆಯ ಮನುಷ್ಯ. ಆದರೆ ಗುಟ್ಕಾ ಎಂದರೆ ಅವರಿಗೆ ಮೈಯೆಲ್ಲ ಉರಿ. ಮೇಜಿನ ಮೇಲೆ ಒಂದು ಗಾಜಿನ ಜಾಡಿ, ಅದರ ತುಂಬ ರೋಗಿಗಳ ಜೇಬಿನಿಂದ ಕಿತ್ತುಕೊಂಡ ಪೊಟ್ಟಣಗಳು. ಬಾಯಿ ಚಿಕ್ಕದಾಗಿ ತೆರೆದವನನ್ನು ಕಂಡರೆ ಅವರು ಟಾರ್ಚ್ ಹಿಡಿಯುತ್ತಿರಲಿಲ್ಲ, ಜೇಬಿಗೆ ಕೈ ಹಾಕುತ್ತಿದ್ದರು. ಅವರ ಅಂದಾಜು ಹೆಚ್ಚಿನ ಸಲ ಸರಿಯಾಗಿಯೇ ಇರುತ್ತಿತ್ತು, ತೊಂದರೆ ಅದೇ.

ಸುರೇಶನ ಹಲ್ಲುಗಳ ನಡುವೆ ಅವನದೇ ತೋರುಬೆರಳನ್ನು ಇಡಿಸಿದೆ. ಬಾಯಿ ಅಳೆಯಲು ರೋಗಿಯ ಬೆರಳೇ ಆಗಬೇಕು, ದೊಡ್ಡ ಮೈಯವನಿಗೆ ದೊಡ್ಡ ಬೆರಳು, ಚಿಕ್ಕವನಿಗೆ ಚಿಕ್ಕದು. ಆರೋಗ್ಯವಂತನಿಗೆ ಒಂದರ ಮೇಲೊಂದು ಮೂರು ಬೆರಳು ಹಿಡಿಸಬೇಕು. ಇವನಿಗೆ ಒಂದು ಬೆರಳು ತುರುಕಿದರೆ ಹೋಯಿತು, ಅಷ್ಟೇ. ಹಲ್ಲುಜ್ಜುವ ಬ್ರಷ್ಷು ಹಿಂದಿನ ಹಲ್ಲಿಗೆ ಹೋಗಲಾರದೆ ಒಂದು ದವಡೆ ಹಲ್ಲು ಹುಳುಕಾಗಿ ನೋಯುತ್ತಿತ್ತು. ನನ್ನ ಕನ್ನಡಿ ಒಳಗೆ ಹೋಗಲಿಲ್ಲ, ಕಿರುಬೆರಳು ಕೆನ್ನೆಯ ಪಕ್ಕದಿಂದ ನುಸುಳಿತು.

ನುಸುಳಿದ ಬೆರಳು ಅಲ್ಲೇ ನಿಂತಿತು. ಗುಟ್ಕಾ, ಅಡಿಕೆ ಜಗಿದವರ ಕೆನ್ನೆ ಒಳಗಿನಿಂದ ಬಿಳಿಚಿಕೊಂಡು ಬಿಗಿಯುತ್ತದೆ, ಬೆರಳಿಗೆ ಒಣಗಿದ ಚರ್ಮದ ಪಟ್ಟಿ ಸಿಕ್ಕ ಹಾಗೆ. ಖಾರ ತಾಗಿದರೆ ಉರಿದುಹೋಗುತ್ತದೆ. ಇವನ ಕೆನ್ನೆ ಕರುವಿನ ಕಿವಿಯಷ್ಟು ಮೆತ್ತಗಿತ್ತು.

"ಮನೇಲಿ ಖಾರ ಹೇಗಪ್ಪ?"

ಈ ಸಲ ಸುರೇಶನೇ ಹೇಳಿದ. ಬಾಯಿ ಹೆಚ್ಚು ತೆರೆಯದೆ ಮಾತಾಡುವವನಾದ್ದರಿಂದ ಕಿವಿಗೊಟ್ಟು ಕೇಳಬೇಕಿತ್ತು. "ಅವ್ವ ಭಾರಿ ಖಾರ ಆಕ್ತಾಳೆ ಮೇಡಂ. ನಂಗೇನೂ ಆಗಲ್ಲ."

ಕೆಳದವಡೆಯನ್ನು ಹಿಡಿದು ನಿಧಾನವಾಗಿ ಕೆಳಗೆ ಒತ್ತಿದೆ. ಸ್ನಾಯು ಬಿಗಿದಿದ್ದರೆ ಒತ್ತಿದಾಗ ಒಂದಿಷ್ಟು ಸಡಿಲ ಸಿಗುತ್ತದೆ, ರೋಗಿ ನೋವೆಂದು ಕೂಗುತ್ತಾನೆ. ಇಲ್ಲಿ ಸಡಿಲವೂ ಇಲ್ಲ, ನೋವೂ ಇಲ್ಲ. ಚಿಲಕ ಹಾಕಿದ ಬಾಗಿಲನ್ನು ತಳ್ಳಿದಂತೆ ದವಡೆ ಒಂದು ಕಡೆ ಗಟ್ಟಿಯಾಗಿ ನಿಂತಿತು. ಮೂಳೆಗೆ ಮೂಳೆ ತಾಗಿದಾಗ ಕೈಗೆ ಬರುವ ಆ ತಡೆಯನ್ನು ಒಂದು ಸಲ ಅನುಭವಿಸಿದರೆ ಮರೆಯುವುದಿಲ್ಲ. ನಾನು ಅವತ್ತೇ ಮೊದಲ ಸಲ ಅನುಭವಿಸಿದ್ದು.

ನಮ್ಮ ಕಡೆ ಬಾಯಿಯ ಇತಿಹಾಸ ತಿಳಿಯಬೇಕಾದರೆ ಇಸವಿ ಕೇಳಬೇಡಿ, ತಿಂಡಿ ಕೇಳಿ. ಪಾಂಡವಪುರದಲ್ಲಿದ್ದಾಗ ಕಲಿತ ಉಪಾಯ ಇದು. ಅಲ್ಲಿ ಕಬ್ಬು ಅರೆಯುವ ಕಾಲ ಬಂದರೆ ಹಾದಿಬೀದಿಯಲ್ಲೆಲ್ಲ ಕಬ್ಬಿನ ಟ್ರಾಕ್ಟರು, ನನ್ನ ವರಾಂಡದಲ್ಲೆಲ್ಲ ಟ್ರಾಕ್ಟರಿನಿಂದ ಜಲ್ಲೆ ಎಳೆದು ಕಚ್ಚಿ ಹಲ್ಲು ಮುರಿದುಕೊಂಡವರು.

"ಕಬ್ಬು ಕೊನೇ ಸಲ ಕಚ್ಚಿದ್ದು ಯಾವಾಗ?" ಎಂದು ಸುರೇಶನನ್ನು ಕೇಳಿದೆ.

ಅವನು ಯೋಚಿಸಿದ. "ಐಸ್ಕೂಲಲ್ಲಿ ಮೇಡಂ. ಮೀಸೆ ಬತ್ತಿತ್ತು ಆಗ."

"ಸೀಬೆಕಾಯಿ?"

"ಪಿಯುಸಿ ಗಂಟ. ಆಮೇಲೆ ಚಾಕಲ್ಲಿ ಕುಯ್ಕಂಡು ತಿಂದೆ."

"ಇಡ್ಲಿ?"

"ಈಗ ಅದ್ನೂ ಮುರ್ಕಂಡೇ."

ಮೀಸೆ ಮೂಡುವ ವಯಸ್ಸಿನಲ್ಲಿ ಶುರುವಾಗಿ, ನೋವಿಲ್ಲದೆ, ವರ್ಷ ವರ್ಷ ಇಷ್ಟಿಷ್ಟೇ ಮುಚ್ಚಿಕೊಂಡ ಬಾಯಿ. ಓದಿನ ಕಾಲದಲ್ಲಿ ಪುಸ್ತಕದ ಒಂದು ಮೂಲೆಯಲ್ಲಿ ನೋಡಿ, ಇದೆಲ್ಲಿ ಸಿಗುತ್ತದೆ ಎಂದು ಪುಟ ತಿರುಗಿಸಿದ್ದ ಕಾಯಿಲೆ ಇದೇ ಇರಬಹುದೇ?

ಅಷ್ಟರಲ್ಲಿ ಬೋರೇಗೌಡರು ತಮ್ಮ ಅಹವಾಲು ಶುರು ಮಾಡಿದರು. "ದಿನಾ ಸಂಜೆ ಮನೆಗೆ ಬಂದೇಟ್ಗೆ ಬಾಗ್ಲಲ್ಲೇ ನಿಲ್ಸಿ ಬಾಯಿ ಮೂಸ್ ನೋಡ್ತೀನಿ ಕಣವ್ವ. ನಾಕೈದು ವರ್ಸದಿಂದ. ಒಂದಿನಾನಾದ್ರೂ ವಾಸ್ನೆ ಬರ್ಬೇಕಲ್ಲ. ಬುದ್ವಂತ, ಗೊತ್ತಾಗ್ದಂಗೆ ತಿಂತಾನೆ."

ನಂಜಮ್ಮ ನಕ್ಕಳು. ನನಗೂ ನಗು ಬಂತು, ಸುರೇಶನ ಮುಖ ನೋಡಿ ಅದು ಅಲ್ಲೇ ಇಂಗಿತು. ಅವನು ನೆಲ ನೋಡುತ್ತಿದ್ದ. ಇಷ್ಟೆತ್ತರದ ಮಗ ಪ್ರತಿ ಸಂಜೆ ಬಾಗಿಲಲ್ಲಿ ಬಗ್ಗಿ, ಗಲ್ಲ ಎತ್ತಿ, ತೆರೆಯದ ಬಾಯನ್ನು ಆದಷ್ಟು ತೆರೆದು ಅಪ್ಪನ ಮೂಗಿಗೆ ಒಡ್ಡುವುದು ನನ್ನ ಕಣ್ಣಿಗೆ ಕಟ್ಟಿತು.

"ಬೆಳಗೊಳದಲ್ಲಿ ಎಣ್ಣು ಒಪ್ಪಿತ್ತು" ಎಂದರು ಗೌಡರು. "ಸವಿತ ಅಂತ, ಡೇರೀಲಿ ಕೆಲ್ಸ ಮಾಡೋ ಎಣ್ಮಗ. ಇವ್ನಿಗೂ ಇಷ್ಟ, ಆ ಮಗೀಗೂ ಇಷ್ಟ. ಊಟಕ್ಕೆ ಕುಂತಾಗ ಎಣ್ಣಿನ ಅಜ್ಜಿ ನೋಡ್ಬುಟ್ಲು, ಇವ್ನು ಕಡ್ಲೆಕಾಳಷ್ಟು ಮುದ್ದೆ ಮುರೀತಾವ್ನೆ. 'ಗುಟ್ಕಾ ತಿನ್ನೋನ್ಗೆ ಮೊಮ್ಮಗ್ಳ ಕೊಡಲ್ಲ, ಎದ್ದೇಳಿ' ಅಂದ್ಬುಟ್ಲು. ಮಾನ ಓಯ್ತು."

ಹೀಗೆ ಹಲ್ಲುನೋವಿನ ಚೀಟಿ ಹಿಡಿದು ಬಂದ ಹುಡುಗನ ಮದುವೆ, ಅಪ್ಪನ ನಂಬಿಕೆ ಎರಡೂ ಆ ಒಂದು ಬೆರಳಿನ ಸಂದಿನಲ್ಲಿ ಸಿಕ್ಕಿಕೊಂಡಿದ್ದವು. ನೋವಿಗೆ ಮಾತ್ರೆ ಕೊಟ್ಟು, ಇಡೀ ದವಡೆ ಒಂದೇ ಫಿಲ್ಮಿನಲ್ಲಿ ಬೀಳುವಂಥ ಎಕ್ಸ್‌ರೇ ತೆಗೆಸಲು ಮಂಡ್ಯಕ್ಕೆ ಕಳಿಸಿದೆ.

ನಾವು ಸೇರಿದ ಕಾಲದಲ್ಲಿ ಉಗುರಿನಷ್ಟಗಲದ ಫಿಲ್ಮನ್ನು ಬಾಯೊಳಗೇ ಇಟ್ಟು ಎಕ್ಸ್‌ರೇ ತೆಗೆಯುತ್ತಿದ್ದೆವು. ಬಾಯಿ ತೆರೆಯದವನಿಗೆ ಅದೂ ಇಲ್ಲ. ಈಗ ಯಂತ್ರವೇ ಮುಖದ ಸುತ್ತ ಪ್ರದಕ್ಷಿಣೆ ಬರುತ್ತದೆ. ಸುರೇಶ ತಂದ ಫಿಲ್ಮನ್ನು ಕಿಟಕಿಗೆ ಹಿಡಿದೆ. ಹಿಡಿದವಳು ಕೂಗಿದ ಕೂಗಿಗೆ ನಂಜಮ್ಮ ನನಗೆ ಸೂಜಿ ಚುಚ್ಚಿತೆಂದು ಸ್ಪಿರಿಟ್ಟಿನ ಬಾಟಲಿ ಹಿಡಿದು ಓಡಿ ಬಂದಳು.

ಕೆಳದವಡೆ ಕಿವಿಯ ಹತ್ತಿರ ಮೇಲಕ್ಕೆ ಹೋಗಿ ಎರಡು ಕವಲಾಗುತ್ತದೆ. ಹಿಂದಿನ ಕವಲು ಕೀಲು. ಮುಂದಿನದು ಒಂದು ಪುಟ್ಟ ಕೊಂಬು, ಅದಕ್ಕೆ ಅಗಿಯುವ ಸ್ನಾಯು ಅಂಟಿರುತ್ತದೆ. ಬಾಯಿ ತೆರೆದಾಗ ಆ ಕೊಂಬು ಕೆನ್ನೆಮೂಳೆಯ ಒಳಬದಿಯಲ್ಲಿ ಮುಂದಕ್ಕೆ ಜಾರಬೇಕು. ಸುರೇಶನ ಎರಡೂ ಪಕ್ಕದ ಕೊಂಬುಗಳು ಕೀಲನ್ನೂ ಮೀರಿ, ಕೆನ್ನೆಮೂಳೆಯನ್ನೂ ದಾಟಿ ಮೇಲಕ್ಕೆ ಬೆಳೆದಿದ್ದವು. ಈ ಕೊಂಬಿಗೆ ವೈದ್ಯರ ಭಾಷೆಯಲ್ಲಿ ಕೊರೊನಾಯ್ಡ್ ಎಂದು ಹೆಸರು. ಆ ಹೆಸರನ್ನು ಜೋರಾಗಿ ಹೇಳುವುದನ್ನು ಸೋಂಕಿನ ವರ್ಷದಲ್ಲೇ ಬಿಟ್ಟಿದ್ದೆ. ಅವತ್ತು ಖುಷಿಯಲ್ಲಿ ಮರೆತು ಹೇಳಿಬಿಟ್ಟೆ, ವರಾಂಡದ ಅರ್ಧ ಬೆಂಚು ಖಾಲಿಯಾಯಿತು.

ಫಿಲ್ಮು ಹಿಡಿದು ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದೆ. "ಸರ್, ಇದು ಗುಟ್ಕಾ ಅಲ್ಲ."

"ಅವನ ಜೇಬು ನೋಡಿದಿರಾ?"

"ನೀವು ಅವನ ಕೆನ್ನೆ ನೋಡಿ ಸರ್."

ಅವರು ಗೊಣಗುತ್ತಾ ಎದ್ದು ಬಂದು, ಕೈಗವಸು ಹಾಕಿ, ಬೆರಳು ನುಗ್ಗಿಸಿದರು. ಒಂದು ಕೆನ್ನೆ ಆಯಿತು, ಇನ್ನೊಂದು ಕೆನ್ನೆ ಆಯಿತು. ದವಡೆ ಒತ್ತಿದರು. ಕಿಟಕಿಗೆ ಹಿಡಿದ ಫಿಲ್ಮನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಸುರೇಶನಿಗೆ, "ತಪ್ಪು ತಿಳ್ಕೊಂಡಿದ್ದೆ ಕಣಪ್ಪ" ಎಂದು ಎಲ್ಲರೆದುರೇ ಹೇಳಿ, ಮೈಸೂರಿನ ಶಸ್ತ್ರಚಿಕಿತ್ಸಕರಿಗೆ ತಾವೇ ಫೋನು ಮಾಡಿದರು. ನನಗೆ ಅವರ ಮೇಲಿದ್ದ ಗೌರವ ಅವತ್ತು ದುಪ್ಪಟ್ಟಾಯಿತು. ಜಾಡಿ ಮಾತ್ರ ಮೇಜಿನ ಮೇಲೆ ಹಾಗೇ ಇತ್ತು.

ಬೋರೇಗೌಡರಿಗೆ ಹೇಗೆ ತಿಳಿಸುವುದೆಂದು ತಲೆ ಕೆರೆದುಕೊಂಡೆ. "ಗೌಡರೇ, ನಿಮ್ಮ ಹೋರಿಯ ಕೊಂಬು ಸಿಕ್ಕಾಪಟ್ಟೆ ಉದ್ದ ಬೆಳೆದು ಕೊಟ್ಟಿಗೆ ಬಾಗಿಲಿಗೆ ತಗುಲಿದರೆ ಏನಾಗುತ್ತದೆ?"

"ಒಳೀಕ್ಕೆ ಬರಕ್ಕಾಗಲ್ಲ. ಅಲ್ಲೇ ನಿಂತ್ಕತದೆ."

"ನಿಮ್ಮ ಮಗನ ದವಡೆಗೆ ಹಾಗೆ ಎರಡು ಕೊಂಬು ಬೆಳೆದಿವೆ. ಬಾಯಿ ತೆರೆಯಲು ಹೋದರೆ ಕೆನ್ನೆಮೂಳೆಗೆ ತಾಗಿ ನಿಲ್ಲುತ್ತವೆ."

ಅವರು ತುಂಬಾ ಹೊತ್ತು ಫಿಲ್ಮು ನೋಡಿದರು. "ಅಂಗಾದ್ರೆ ಇವ್ನು ಗುಟ್ಕಾ ತಿಂದೇ ಇಲ್ವಾ?"

"ಇಲ್ಲ."

"ಒಂದ್ ದಪಾನೂ?"

"ಅದನ್ನ ಅವನನ್ನೇ ಕೇಳಿ."

ಅವರು ಕೇಳಲಿಲ್ಲ. ಟವೆಲ್ಲಿನಿಂದ ಕತ್ತು ಒರೆಸಿಕೊಂಡು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತರು. ಸುರೇಶ ಕಿಟಕಿಯಿಂದ ಅಪ್ಪನ ಬೆನ್ನು ನೋಡುತ್ತಾ, "ಏಳಿದ್ದೆ ಮೇಡಂ, ಎಷ್ಟೋ ಸಲ ಏಳಿದ್ದೆ" ಎಂದ.

ಈಗ ಕೆಂಪಮ್ಮನವರ ಪ್ರವೇಶ. ನಾನು ಶ್ರೀರಂಗಪಟ್ಟಣದಲ್ಲಿದ್ದಾಗ ಬೆಳಗೊಳದ ಈ ಅಜ್ಜಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟಿದ್ದೆ. ಅದು ಒತ್ತುತ್ತದೆಂದು ಅವರು ಒಂದು ದಿನವೂ ನೆಟ್ಟಗೆ ಹಾಕಿಕೊಂಡವರಲ್ಲ. ಆದರೆ ನನಗೆ ಎಲ್ಲಿಗೆ ವರ್ಗವಾದರೂ ಬಸ್ಸು ಬದಲಿಸಿಕೊಂಡು, ಸೆಟ್ಟನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಬರುತ್ತಿದ್ದರು. "ಕಟ್ಟಿದೋಳು ನೀನು, ತಿಕ್ಕೊಡೋಳೂ ನೀನೇ" ಎನ್ನುವುದು ಅವರ ವಾದ. ಸುರೇಶನಿಗೆ ಮೈಸೂರಿನ ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಬೆಳಗ್ಗೆ ಅವರು ನಾಗಮಂಗಲದ ನಮ್ಮ ವರಾಂಡದಲ್ಲಿ ಇಳಿದರು. ಬೆಂಚಿನ ಮೇಲೆ ಕೂತಿದ್ದ ಸುರೇಶನನ್ನು ಕಂಡು ಡಬ್ಬಿ ಹಿಡಿದೇ ನಿಂತರು.

"ಈ ಗುಟ್ಕಾ ಐದ ಇಲ್ಲೂ ಬಂದವ್ನಾ?"

ಬೆಳಗೊಳದ ಆ ಅಜ್ಜಿ ಎಂದರೆ ನಮ್ಮ ಕೆಂಪಮ್ಮನೇ ಎಂದು ನನಗೆ ಆಗ ಹೊಳೆಯಿತು. ರೋಗಿಯ ವಿಷಯ ರೋಗಿಯದು, ವೈದ್ಯೆ ಬಾಯಿ ಬಿಡಬಾರದು. ಹಾಗೆಂದು ಸುಮ್ಮನಿರುವುದು ನನ್ನಂಥ ಬಾಯಿಬಡುಕಿಗೆ ಎಂಥ ಶಿಕ್ಷೆ ಎಂದು ನಿಮಗೆ ಹೇಗೆ ಹೇಳಲಿ. ತುಟಿ ಕಚ್ಚಿಕೊಂಡು ಸುರೇಶನ ಕಡೆ ಹುಬ್ಬು ಕುಣಿಸಿದೆ, ಹೇಳಪ್ಪ ನೀನೇ ಎಂದು.

ಅವನು ಎದ್ದು ಫಿಲ್ಮನ್ನು ಕವರಿನಿಂದ ತೆಗೆದು ಅಜ್ಜಿಯ ಕೈಗೆ ಕೊಟ್ಟ. "ಅಜ್ಜಿ, ನಾನು ಗುಟ್ಕಾ ತಿನ್ನಲ್ಲ. ಮೂಳೆ ಅಡ್ಡ ಬೆಳ್ದದೆ. ಡಾಕ್ಟ್ರ ಕೇಳಿ."

ಕೆಂಪಮ್ಮ ಫಿಲ್ಮನ್ನು ತಲೆಕೆಳಗಾಗಿ ಹಿಡಿದು ನೋಡಿದರು, ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಅವರು ಮಗುವಿನಂತೆ ತಮ್ಮ ಬೋಳು ವಸಡನ್ನು ಚಪ್ಪರಿಸಿದರು, ಸೋತಾಗ ಅವರು ಮಾಡುವುದೇ ಹಾಗೆ.

"ಸರಿ, ಕುಯ್ಸು" ಎಂದರು. "ಆದ್ರೆ ನಂಗೆ ಫೋಟೋ ಗೀಟೋ ಬ್ಯಾಡ. ಬೀಗ್ರ ಊಟದಲ್ಲಿ ನನ್ ಕೈಲಿ ಒಂದ್ ತುತ್ತು ಮುರೀತೀನಿ, ನಮ್ಮನೇಲಿ ಗಂಡಸ್ರು ನುಂಗೋ ಅಂಥದ್ದು. ನಿನ್ ಬಾಯಿಗೆ ಅದು ಓದ್ರೆ ಮೊಮ್ಮಗ್ಳು ನಿನ್ನೋಳು, ಇಲ್ದಿದ್ರೆ ಅಲ್ಲಿಂದ್ಲೇ ವಾಪಸ್ ಕರ್ಕಂಡ್ ಓಯ್ತೀನಿ. ಅದ್ಕೂ ಮುಂಚೆ ಬಾಯಿ ಬಂದದೆ ಅಂತ ನಂಗೆ ಗೊತ್ತಾಗ್ಬೇಕು, ಆಮೇಲೇ ಲಗ್ನ ಬರ್ಸೋದು."

ಶಸ್ತ್ರಚಿಕಿತ್ಸೆ ನೋಡಲು ರಜೆ ಹಾಕಿ ಮೈಸೂರಿಗೆ ಹೋದೆ, ಮೂಲೆಯಲ್ಲಿ ಕೈಕಟ್ಟಿ ನಿಂತೆ. ಬಾಯಿ ತೆರೆಯದವನಿಗೆ ಅರಿವಳಿಕೆ ಕೊಡುವುದೇ ಒಂದು ಸಾಹಸ. ತುದಿಯಲ್ಲಿ ಕ್ಯಾಮರಾ ಇರುವ ತೆಳು ಕೊಳವೆಯನ್ನು ಮೂಗಿನಿಂದ ಇಳಿಸಿ ಉಸಿರಿನ ದಾರಿ ಹಿಡಿದರು. ಮುಖದ ಮೇಲೆ ಒಂದು ಗೀರೂ ಇಲ್ಲ, ಕೊನೆಯ ಹಲ್ಲಿನ ಹಿಂದೆ ಕೆನ್ನೆಯ ಒಳಗಿನಿಂದಲೇ ಕೊಯ್ದರು. ಕೊಂಬನ್ನು ಕತ್ತರಿಸುವ ಮೊದಲು ಚಿಮ್ಮಟದಿಂದ ಬಿಗಿಯಾಗಿ ಹಿಡಿದಿರಬೇಕು, ಇಲ್ಲದಿದ್ದರೆ ಅದಕ್ಕಂಟಿದ ಸ್ನಾಯು ಅದನ್ನು ಮೇಲಕ್ಕೆ ಸೆಳೆದುಕೊಂಡು ಬಚ್ಚಿಟ್ಟುಬಿಡುತ್ತದೆ. ಒಂದು ಕಡೆಯದು ಬಂತು, ಬಾಯಿ ಹೆಚ್ಚೇನೂ ತೆರೆಯಲಿಲ್ಲ. ಇನ್ನೊಂದು ಕಡೆಯದು ಬಂದ ಕ್ಷಣ ಶಸ್ತ್ರಚಿಕಿತ್ಸಕರು ದವಡೆಯನ್ನು ಮೆಲ್ಲನೆ ಒತ್ತಿದರು. ಬಾಯಿ ತೆರೆಯಿತು, ಮೂರು ಬೆರಳಿನ ಮೇಲೆ. ನಾನು ಅಲ್ಲೇ ಕುಣಿದೆನಂತೆ, ಆಮೇಲೆ ಹೇಳಿ ನಕ್ಕರು.

ಹೊರಗೆ ಬೋರೇಗೌಡರಿಗೆ ಬಾಟಲಿಯಲ್ಲಿದ್ದ ಎರಡು ಮೂಳೆ ಚೂರುಗಳನ್ನು ತೋರಿಸಿದರು. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು, "ಇಷ್ಟೇ ಇಷ್ಟುಕ್ಕೆ..." ಎಂದರು.

ಹೊಸಬರೇ, ಇಲ್ಲಿ ಕಿವಿಗೊಟ್ಟು ಕೇಳಿ. ಕೊಂಬು ಕೊಯ್ದರೆ ಕೆಲಸ ಮುಗಿಯುವುದಿಲ್ಲ, ಅಲ್ಲಿಂದ ಶುರು. ಕೊಯ್ದ ಜಾಗ ಗಟ್ಟಿಕಟ್ಟುತ್ತಾ ಬಾಯನ್ನು ಮತ್ತೆ ಎಳೆಯುತ್ತದೆ. ಅದಕ್ಕೆ ಮದ್ದು ಐಸ್‌ಕ್ರೀಮ್ ಕಡ್ಡಿ. ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಂಡು ಹಿಡಿಯಬೇಕು, ಸ್ವಲ್ಪ ಹೊತ್ತಿಗೆ ನಡುವೆ ಇನ್ನೊಂದು ಕಡ್ಡಿ ನೂಕಬೇಕು. ದಿನಕ್ಕೆ ಎಷ್ಟೋ ಸಲ, ತಿಂಗಳುಗಟ್ಟಲೆ. ಕಣ್ಣಲ್ಲಿ ನೀರು ಬರುತ್ತದೆ.

ಸುರೇಶ ಮೊದಲು ಹುರುಪಿನಿಂದ ಮಾಡಿದ. ಆಮೇಲೆ ಆಸ್ಪತ್ರೆಗೆ ಬರುವುದು ತಪ್ಪಿಸಿದ. ಹಿಡಿದು ತರಿಸಿ ನೋಡಿದರೆ ಬಾಯಿ ಎರಡು ಬೆರಳಿಗೆ ಇಳಿದಿತ್ತು. ನಂಜಮ್ಮ ನನಗಿಂತ ಮುಂಚೆ ಶುರು ಮಾಡಿದಳು. "ಲೇ, ಅಷ್ಟುದ್ದ ಬೆಳ್ದಿದ್ದೀಯ, ಒಂದು ಕಡ್ಡಿಗೆ ಎದ್ರುಕತೀಯಲ್ಲ."

"ಪ್ರಾಣ ಓದಂಗೆ ಆಯ್ತದೆ ಅಕ್ಕ" ಎಂದ ಅವನು. "ಒಂದೊಂದಿನ ಅನ್ನುಸ್ತದೆ, ಇಂಗೇ ಇದ್ಬುಡಾನ ಅಂತ."

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅದೇ ವಾರ ಕೆಂಪಮ್ಮ ಡಬ್ಬಿ ಸಮೇತ ಬಂದಿದ್ದರು. ಸೆಟ್ಟು ತಿಕ್ಕುತ್ತಾ, "ನೀವು ಇದನ್ನು ಹಾಕಿಕೊಂಡು ಅಭ್ಯಾಸ ಮಾಡದಿದ್ದರೆ ನಾನು ಆಯುಷ್ಯವಿಡೀ ತಿಕ್ಕಬೇಕಷ್ಟೇ" ಎಂದು ರೇಗಿದೆ. ಅವರು, "ಪ್ರಾಣ ಓದಂಗೆ ಆಯ್ತದೆ ಕಣವ್ವ" ಎಂದರು. ಅದೇ ಮಾತು, ಅದೇ ಮುಖ. ನನಗೆ ತಲೆ ಓಡಿತು. ಸುರೇಶನಿಂದ ಒಪ್ಪಿಗೆ ಪಡೆದು ಇಬ್ಬರನ್ನೂ ಎದುರುಬದುರು ಕೂರಿಸಿದೆ.

ಒಪ್ಪಂದವನ್ನು ಮಾತ್ರ ಕೆಂಪಮ್ಮನೇ ಕುದುರಿಸಿದರು. "ನೋಡ್ಲಾ, ನೀನು ಕಡ್ಡಿ ಕಚ್ಚು, ನಾನು ಈ ಸೆಟ್ಟು ಕಚ್ತೀನಿ. ದಿನಾ ಬೆಳಿಗ್ಗೆ ಫೋನಲ್ಲಿ ಮುಖ ತೋರ್ಸ್ಬೇಕು. ಯಾರು ಮೊದ್ಲು ತೆಗೀತಾರೋ ಅವ್ರು ಸೋತಂಗೆ."

ಅಜ್ಜಿಗೆ ವಿಡಿಯೋ ಕಾಲ್ ಮಾಡಲು ಬರುವುದಿಲ್ಲ. ಫೋನು ಹಿಡಿಯುವ ಕೆಲಸ ಮೊಮ್ಮಗಳು ಸವಿತಳದು. ಇದು ಅಜ್ಜಿಗೆ ಹೊಳೆದಿರಲಿಲ್ಲವೋ, ಹೊಳೆದೇ ಹೇಳಿದರೋ, ನಾನು ಕೇಳಲು ಹೋಗಲಿಲ್ಲ. ಸುರೇಶ ಮಾತ್ರ ಒಂದು ದಿನವೂ ಕಡ್ಡಿ ತಪ್ಪಿಸಲಿಲ್ಲ. ಬಾಯಿ ತುಂಬ ಕಡ್ಡಿ, ಮಾತಾಡುವ ಹಾಗಿಲ್ಲ, ಕಣ್ಣಲ್ಲಿ ನೀರು. ಆ ಕಡೆ ಅಜ್ಜಿ ಸೆಟ್ಟು ಕಚ್ಚಿಕೊಂಡು ಕಣ್ಣಲ್ಲಿ ನೀರು. ನಡುವೆ ಫೋನು ಹಿಡಿದ ಸವಿತ ನಕ್ಕು ನಕ್ಕು ಕೈ ನಡುಗಿಸುತ್ತಿದ್ದಳಂತೆ, ಪರದೆಯಲ್ಲಿ ಮನೆಯ ಸೂರೇ ಹೆಚ್ಚು ಕಾಣುತ್ತಿತ್ತಂತೆ. ಬಾಯಿ ಮತ್ತೆ ಮೂರು ಬೆರಳಿಗೆ ಬಂತು. ಹುಳುಕು ಹಲ್ಲನ್ನು ಕೊರೆದು ತುಂಬಿದೆ, ಅದೇ ನನ್ನ ಸರ್ಕಾರಿ ಸೇವೆಯ ಕೊನೆಯ ಫಿಲ್ಲಿಂಗು. ಕೆಂಪಮ್ಮ ಖುದ್ದಾಗಿ ಬಂದು ಅವನ ಬಾಯಿಗೆ ಮೂರು ಬೆರಳಿಟ್ಟು ನೋಡಿ ಲಗ್ನ ಬರೆಸಲು ಒಪ್ಪಿದರು. ತುತ್ತಿನ ಷರತ್ತನ್ನು ಮಾತ್ರ ಸಡಿಲಿಸಲಿಲ್ಲ.

ಬೋರೇಗೌಡರು ಮಗನಿಗೆ ಇನ್ನೂ ಏನೂ ಹೇಳಿರಲಿಲ್ಲ. ಮೂಸುವುದನ್ನು ನಿಲ್ಲಿಸಿದ್ದರು, ಅಷ್ಟೇ. "ಸಂಜೆ ಮನೆಗೆ ಓದ್ರೆ ಅಪ್ಪ ಕೊಟ್ಟಿಗೇಗ್ ಓಗ್ಬುಡ್ತಾನೆ ಮೇಡಂ. ಮಕ ಕೊಟ್ಟು ಮಾತಾಡಲ್ಲ" ಎಂದು ಸುರೇಶ ಒಮ್ಮೆ ಹೇಳಿದ್ದ. ಬಾಯಿ ಬಂದರೂ ಅವನಿಗೆ ಆ ಒಂದು ಕೊರತೆ ಉಳಿದಿತ್ತು.

ಮಾಘದಲ್ಲಿ ಮದುವೆ. ಬೀಗರ ಊಟ ದೇವಲಾಪುರದಲ್ಲಿ, ಗಂಡಿನ ಮನೆಯ ಮುಂದಿನ ಶಾಮಿಯಾನದಲ್ಲಿ. ನಮ್ಮ ಕಡೆ ಮದುವೆಗೆ ತಪ್ಪಿಸಿಕೊಂಡರೂ ಬೀಗರ ಊಟಕ್ಕೆ ತಪ್ಪಿಸಿಕೊಳ್ಳುವವರಿಲ್ಲ. ಮಟನ್ ಸಾರಿನ ಘಮ ರಸ್ತೆಗೆ ಬರುತ್ತಿತ್ತು. ನಾನು, ನಂಜಮ್ಮ, ದೊಡ್ಡ ಡಾಕ್ಟರು ಮೂವರೂ ಹೋಗಿದ್ದೆವು. ದೊಡ್ಡ ಡಾಕ್ಟರು ಅಭ್ಯಾಸ ಬಲದಿಂದ ಪಕ್ಕದವರ ಜೇಬು ನೋಡುತ್ತಿದ್ದರು. ಕೆಂಪಮ್ಮ ಹೊಳೆಯುವ ಸೆಟ್ಟು ಹಾಕಿಕೊಂಡು ಬಂದವರೇ ಅಡುಗೆಯವನ ಕೈಯಿಂದ ಮುದ್ದೆ ಕೋಲು ಕಿತ್ತುಕೊಂಡರು.

ಮೊದಲ ಪಂಕ್ತಿಯಲ್ಲಿ ಗಂಡು ಹೆಣ್ಣು ಕೂತರು. ವಿಷಯ ಎರಡೂ ಊರಿಗೆ ಗೊತ್ತಿತ್ತಾದ್ದರಿಂದ ಬಡಿಸುವವರೂ ನಿಂತು ನೋಡತೊಡಗಿದರು. ಕೆಂಪಮ್ಮ ಬಿಸಿ ಮುದ್ದೆಯಿಂದ ನಿಂಬೆಹಣ್ಣಿನ ಗಾತ್ರದ ತುತ್ತು ಮುರಿದು, ಉರುಟು ಮಾಡಿ, ಸಾರಿನಲ್ಲಿ ಅದ್ದಿ ಎತ್ತಿದರು. ಅಷ್ಟರಲ್ಲಿ ಹಿಂದಿನಿಂದ ಬೋರೇಗೌಡರು ಜನರನ್ನು ಸರಿಸಿಕೊಂಡು ಬಂದು ಮಗನ ಎದುರು ನಿಂತರು. ಅವನ ಮುಖದ ಹತ್ತಿರಕ್ಕೆ ಬಗ್ಗಿದರು.

ಸವಿತ ಗಂಡನ ತೋಳು ಹಿಡಿದಳು. ಇಷ್ಟು ಜನರ ಮುಂದೆಯೂ ಈ ಮನುಷ್ಯ ಮೂಸಿ ನೋಡುತ್ತಾನೆಯೇ? ಸುರೇಶನೂ ಹಾಗೇ ಅಂದುಕೊಂಡಿರಬೇಕು. ವರ್ಷಗಟ್ಟಲೆ ಪ್ರತಿ ಸಂಜೆ ಮಾಡಿದಂತೆ ಗಲ್ಲ ಎತ್ತಿ ಬಾಯಿ ತೆರೆದ. ಪೂರ್ತಿ ತೆರೆದ. ಒಳಗೆ ನಾನು ತುಂಬಿದ ಹಲ್ಲು ಮಿನುಗಿತು.

ಬೋರೇಗೌಡರು ಮೂಸಲಿಲ್ಲ. ಮಗನ ಬಾಯೊಳಗೆ ನೋಡುತ್ತಾ ನಿಂತರು. ಆಮೇಲೆ ಪಕ್ಕಕ್ಕೆ ಕೈ ಚಾಚಿ, "ಅವ್ವಾ, ಮೊದ್ಲು ನಾನು ಇಕ್ತೀನಿ" ಎಂದು ಕೆಂಪಮ್ಮನ ಕೈಯಿಂದ ತುತ್ತು ತೆಗೆದುಕೊಂಡು ಅವನ ಬಾಯಿಗಿಟ್ಟರು. ಸುರೇಶ ನುಂಗಿದ. ಗಂಟಲಲ್ಲಿ ಅದು ಇಳಿದದ್ದು ಎಲ್ಲರಿಗೂ ಕಂಡಿತು.

"ಗುಟ್ಕಾ ತಿಂದಿರ್ಲಿಲ್ಲ ಕಣ್ಲಾ ನೀನು" ಎಂದರು ಗೌಡರು, ಅವನಿಗೊಬ್ಬನಿಗೇ ಕೇಳುವಂತೆ. ಹತ್ತಿರವಿದ್ದ ನನಗೂ ಕೇಳಿತು.

ನಂಜಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನಾನು ಅಳೆಯಲೆಂದು ಎತ್ತಿದ್ದ ಬೆರಳುಗಳನ್ನು ಮಡಚಿಕೊಂಡೆ. ಬೋರೇಗೌಡರು ಎರಡನೆಯ ತುತ್ತು ಮುರಿಯುತ್ತಿದ್ದರು, ಅವಸರದಲ್ಲಿ ಸಾರು ಮಗನ ಹೊಸ ಅಂಗಿಯ ಮೇಲೆಲ್ಲ ಸೋರುತ್ತಿತ್ತು. ಸುರೇಶ ಬಾಯಿ ಮುಚ್ಚದೆ ಕಾಯುತ್ತಿದ್ದ.